ಗಣಕಯಂತ್ರ ಸ್ಥಗಿತ: ಮೆಮೊರಿ ಡಂಪ್ ಸೆಟ್ಟಿಂಗ್ ಉಳಿಯದಿದ್ದಾಗ

ಗ್ರಾಮ ಪಂಚಾಯತಿಯ ಗಣಕಯಂತ್ರವು ನೀಲಿ ಪರದೆ ತೋರಿ ಪದೇ ಪದೇ ಸ್ಥಗಿತಗೊಂಡರೆ, ಹೊಸ ಯಂತ್ರ ಖರೀದಿಯ ಪ್ರಸ್ತಾವ ಸಾಮಾನ್ಯ ಸಭೆಗೆ ಬರುವುದುಂಟು. ಅನುಮೋದನೆಗೆ ಮುನ್ನ ಸದಸ್ಯರು ಕೇಳಬೇಕಾದ ಪ್ರಶ್ನೆಯೊಂದಿದೆ: ಮೆಮೊರಿ ಡಂಪ್ ಕಡತವನ್ನು ಪರಿಶೀಲಿಸಲಾಗಿದೆಯೇ? ಸ್ಥಗಿತದ ವೇಳೆ ವಿಂಡೋಸ್ ದಾಖಲಿಸುವ ಈ ಕಡತದಿಂದ ದೋಷವು ಡ್ರೈವರ್ ತಂತ್ರಾಂಶದ್ದೋ, ರ‍್ಯಾಮ್‌ನದ್ದೋ ಎಂಬ ಸುಳಿವು ದೊರೆಯುತ್ತದೆ. ರ‍್ಯಾಮ್ ಮಾತ್ರ ಕೆಟ್ಟಿದ್ದಲ್ಲಿ ಇಡೀ ಯಂತ್ರವನ್ನು ಬದಲಿಸುವ ಅಗತ್ಯವಿಲ್ಲ.

ಇದರ ಆಯ್ಕೆಯು ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ‘ಸ್ಟಾರ್ಟಪ್ ಆ್ಯಂಡ್ ರಿಕವರಿ’ ಅಡಿಯಲ್ಲಿದೆ. ಬದಲಿಸಿ ಓಕೆ ಒತ್ತಿದರೂ ಕೆಲವೊಮ್ಮೆ ಹಳೆಯ ಆಯ್ಕೆಯೇ ಮರಳುತ್ತದೆ. ಡಾಟಾ ಎಂಟ್ರಿ ಆಪರೇಟರ್ ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಪ್ರವೇಶಿಸಿರುವುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಅದು ಸರಿಯಿದ್ದರೆ ಪೇಜ್ ಫೈಲ್ ನೋಡಬೇಕು. ಡಂಪ್ ಸಾಮಾನ್ಯವಾಗಿ ಮೊದಲು ಸಿ ಡ್ರೈವ್‌ನ ಪೇಜ್ ಫೈಲ್‌ನಲ್ಲಿ ಬರೆಯಲ್ಪಟ್ಟು, ಯಂತ್ರ ಪುನಃ ಆರಂಭವಾದ ಮೇಲೆ ಪ್ರತ್ಯೇಕ ಕಡತವಾಗುತ್ತದೆ. ಜಾಗ ಉಳಿಸಲೆಂದು ಪೇಜ್ ಫೈಲ್ ತೆಗೆದಿದ್ದರೆ ಅಥವಾ ತೀರಾ ಕುಗ್ಗಿಸಿದ್ದರೆ ಡಂಪ್ ಬರೆಯಲು ಸ್ಥಳವೇ ಇರುವುದಿಲ್ಲ. ಅದನ್ನು ‘ಸಿಸ್ಟಮ್ ಮ್ಯಾನೇಜ್ಡ್ ಸೈಜ್’ಗೆ ಮರಳಿಸಿ, ಯಂತ್ರವನ್ನು ರೀಸ್ಟಾರ್ಟ್ ಮಾಡಿ ಮತ್ತೊಮ್ಮೆ ನೋಡಬೇಕು. ಡಿಸ್ಕ್ ತುಂಬಿದಾಗ ವಿಂಡೋಸ್ ತಾನೇ ಡಂಪ್ ಕಡತವನ್ನು ಅಳಿಸಬಹುದು. ಸ್ವಚ್ಛಗೊಳಿಸುವ ತಂತ್ರಾಂಶಗಳೂ ಅಳಿಸುತ್ತವೆ. ಆಗ ಸೆಟ್ಟಿಂಗ್ ಉಳಿದಿದ್ದರೂ ಕಡತ ಸಿಗದು.

ಇಟಗಿಯಂತಹ ಗ್ರಾಮದಿಂದ ಯಂತ್ರವನ್ನು ದುರಸ್ತಿಗೆ ಪಟ್ಟಣಕ್ಕೆ ಒಯ್ದರೆ ಅಷ್ಟು ದಿನ ಜನರ ಅರ್ಜಿಗಳು ನಿಲ್ಲುತ್ತವೆ. ಪಟ್ಟಿಯಲ್ಲಿ 256 ಕೆಬಿ ಎಂದು ನಮೂದಿಸಿರುವ ‘ಸ್ಮಾಲ್ ಮೆಮೊರಿ ಡಂಪ್’ ಆಯ್ದುಕೊಂಡರೆ ಕಡತವನ್ನಷ್ಟೇ ಇ-ಮೇಲ್‌ನಲ್ಲಿ ಕಳುಹಿಸಬಹುದು. ‘ಕಂಪ್ಲೀಟ್’ ಡಂಪ್‌ನ ವಿಷಯ ಬೇರೆ. ಸ್ಥಗಿತದ ವೇಳೆ ತೆರೆದಿದ್ದ ಅರ್ಜಿದಾರರ ವಿವರಗಳೂ ಅದರಲ್ಲಿ ಸೇರಿರಬಹುದಾದ್ದರಿಂದ, ಅಭಿವೃದ್ಧಿ ಅಧಿಕಾರಿಯ ಅನುಮತಿಯಿಲ್ಲದೆ ಅದನ್ನು ಖಾಸಗಿ ದುರಸ್ತಿಗಾರರಿಗೆ ನೀಡಬಾರದು.