ನೋವಿನ ಪಂಪು: ಒಡಲೊಳಗೆ ಇರಿಸಿಕೊಳ್ಳುವ ಮುನ್ನ



ಮಾತ್ರೆ, ವ್ಯಾಯಾಮ, ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಎಲ್ಲವೂ ಮುಗಿದು, ನೋವು ಮಾತ್ರ ಉಳಿದಾಗ ವೈದ್ಯರು ಕೆಲವೊಮ್ಮೆ ಪಂಪಿನ ಪ್ರಸ್ತಾಪವನ್ನು ಮುಂದಿಡುತ್ತಾರೆ. ಅರುವತ್ತು ಎಪ್ಪತ್ತರ ದಶಕಗಳಲ್ಲಿ ವಾಷಿಂಗ್ಟನ್, ಅಟ್ಲಾಂಟಾ, ಕರೋಲಿನಾಗಳಿಗೆ ಬಂದು ನೆಲೆಸಿದ ನಮ್ಮವರಿಗೆ ಈಗ ವಯಸ್ಸಾಗಿದೆ. ಆದುದರಿಂದ ಈ ವಿಚಾರವನ್ನು ನಾವು ಸಾವಧಾನವಾಗಿ ಕುಳಿತು ತಿಳಿಯುವುದು ಉಚಿತ.

ಪಂಪೆಂದರೆ ಎರಡು ಮೂರು ನಿಪ್ಪಟ್ಟುಗಳನ್ನು ಒಂದರ ಮೇಲೊಂದಿಟ್ಟಂತಹ ಲೋಹದ ಬಿಲ್ಲೆ. ಸುಮಾರು 9 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ದಪ್ಪ. ಅದನ್ನು ಹೊಟ್ಟೆಯ ಚರ್ಮದಡಿ ಇರಿಸಿ, ಸಣ್ಣ ನಳಿಕೆಯ ಮೂಲಕ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಹನಿಹನಿಯಾಗಿ ಔಷಧವನ್ನು ಹರಿಸುತ್ತಾರೆ. ಇದರ ಚರಿತ್ರೆಯ ಎರಡು ಅಧ್ಯಾಯಗಳು ನೆರೆಯ ಮೇರಿಲ್ಯಾಂಡಿನಲ್ಲೇ ನಡೆದವೆಂಬುದು ಕುತೂಹಲಕರ. ಮಾರ್ಫಿನ್ನಿನಂತಹ ಅಫೀಮುಜನ್ಯ ಔಷಧಗಳು ನರಕೋಶದ ಯಾವ ಬಾಗಿಲನ್ನು ತಟ್ಟುತ್ತವೆಂಬುದನ್ನು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಾಲಮನ್ ಸ್ನೈಡರ್ ಮತ್ತು ಕ್ಯಾಂಡೇಸ್ ಪರ್ಟ್ 1973ರಲ್ಲಿ ತೋರಿಸಿದರು. ಲಾರೆಲ್ಲಿನ ಪ್ರಯೋಗಾಲಯದಲ್ಲಿ ರಾಬರ್ಟ್ ಫಿಶೆಲ್ ಮೊದಲಾದವರು ರೂಪಿಸಿದ, ಹೊರಗಿನಿಂದಲೇ ನಿಯಂತ್ರಿಸಬಹುದಾದ ಪಂಪನ್ನು 1986ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲೇ ರೋಗಿಗೆ ಅಳವಡಿಸಲಾಯಿತು. ಅದು ಇನ್ಸುಲಿನ್ನಿಗಾಗಿ, ತತ್ತ್ವ ಮಾತ್ರ ಒಂದೇ.

ಬಾಯಿಂದ ನುಂಗುವ ಮಾರ್ಫಿನ್ನಿನ 300 ಪಾಲು ಮಾಡುವ ಕೆಲಸವನ್ನು ಬೆನ್ನುಹುರಿಯ ಬಳಿ 1 ಪಾಲು ಮಾಡುತ್ತದೆಂಬುದು ವೈದ್ಯರ ಸ್ಥೂಲ ಲೆಕ್ಕ. ಮಂಪರು, ಮಲಬದ್ಧತೆಗಳು ಕಡಿಮೆಯಾಗಬಹುದೆಂಬ ನಿರೀಕ್ಷೆ ಈ ಲೆಕ್ಕದಿಂದಲೇ ಹುಟ್ಟಿದ್ದು. 2004ರಲ್ಲಿ ಒಪ್ಪಿಗೆ ಪಡೆದ ಜಿಕೊನೊಟೈಡ್ ಎಂಬ ಇನ್ನೊಂದು ಔಷಧವು ಸಮುದ್ರದ ಶಂಕುಹುಳುವಿನ ವಿಷವನ್ನು ಅನುಸರಿಸಿ ಮಾಡಿದ್ದು. ಅದಕ್ಕೆ ವ್ಯಸನದ ಭಯವಿಲ್ಲ, ಆದರೆ ಮನಸ್ಸನ್ನು ಕದಡಬಲ್ಲದು. ಮನೋವಿಕಾರದ ಪೂರ್ವಚರಿತ್ರೆಯುಳ್ಳವರಿಗೆ ಸಲ್ಲದು. ಒಪ್ಪಿಗೆಯಿಲ್ಲದ ಔಷಧಗಳನ್ನೂ ಮಿಶ್ರಣಗಳನ್ನೂ ಪಂಪಿಗೆ ತುಂಬುವುದರ ಬಗ್ಗೆ ಎಫ್.ಡಿ.ಎ. 2018ರಲ್ಲಿ ಎಚ್ಚರಿಸಿದೆ. ಯಾವ ಔಷಧವನ್ನು ತುಂಬುತ್ತೀರಿ ಎಂದು ಕೇಳುವುದು ಉದ್ಧಟತನವಲ್ಲ.

ಫಲವೇನು? ಕ್ಯಾನ್ಸರಿನ ನೋವಿನಲ್ಲಿ ಆಧಾರ ಗಟ್ಟಿಯಾಗಿದೆ. ರಿಚ್ಮಂಡಿನ ಥಾಮಸ್ ಸ್ಮಿತ್ ಅವರ ನೇತೃತ್ವದಲ್ಲಿ 202 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಂಪಿನ ಗುಂಪಿನ ಶೇಕಡಾ 84.5 ಮಂದಿಗೆ ನೋವೋ ಔಷಧದ ಉಪದ್ರವವೋ ಗಣನೀಯವಾಗಿ ತಗ್ಗಿತು. ಬರಿಯ ಔಷಧೋಪಚಾರದ ಗುಂಪಿನಲ್ಲಿ ಶೇಕಡಾ 70.8. ಬೆನ್ನುಶಸ್ತ್ರಚಿಕಿತ್ಸೆ ವಿಫಲವಾದವರ ನೋವಿನಂತಹ ಸಂದರ್ಭಗಳಲ್ಲಿ ಆಧಾರ ಇಷ್ಟು ಬಲವಾಗಿಲ್ಲ. ಕೆಲವರಿಗೆ ಬದುಕು ಮರಳಿ ದಕ್ಕಿದೆ, ಕೆಲವರಲ್ಲಿ ಪ್ರಮಾಣ ಏರುತ್ತಲೇ ಹೋಗಿದೆ.

ಆದ್ದರಿಂದಲೇ ಮೊದಲು ಪರೀಕ್ಷಾರ್ಥವಾಗಿ ತಾತ್ಕಾಲಿಕ ನಳಿಕೆಯಿಂದಲೋ ಒಂದು ಚುಚ್ಚುಮದ್ದಿನಿಂದಲೋ ಔಷಧ ಕೊಟ್ಟು ನೋಡುತ್ತಾರೆ. ಮೆಡಿಕೇರ್ ಕೂಡ ಇದನ್ನು ಬಯಸುತ್ತದೆ. ಇಲ್ಲಿ ನಮ್ಮವರಲ್ಲೊಂದು ತೊಡಕುಂಟು. ಸಹಿಸುವುದನ್ನೇ ಗುಣವೆಂದು ಬೆಳೆದ ಹಿರಿಯರು ಹತ್ತರಲ್ಲಿ ಎಷ್ಟು ನೋವು ಎಂದು ಕೇಳಿದರೆ, ಮಗನ ಮುಖ ನೋಡಿ "ಪರವಾಗಿಲ್ಲ" ಎಂದುಬಿಡುತ್ತಾರೆ. ಅಂಕಿಗಿಂತ, ಮೆಟ್ಟಿಲು ಹತ್ತಿದರೇ, ರಾತ್ರಿ ನಿದ್ದೆ ಬಂತೇ, ಕುಳಿತು ಊಟ ಮಾಡಿದರೇ ಎಂಬುದನ್ನು ಮನೆಯವರು ಬರೆದಿಡುವುದು ಮೇಲು. ನಿರ್ಧಾರವಂತೂ ನೋವುಂಡವರದೇ ಆಗಿರಬೇಕು. ಮಗನೋ ಸೊಸೆಯೋ ಅವರ ಪರವಾಗಿ ಹೂಂಗುಟ್ಟುವುದು ನಮಗೆ ಸರಿಕಾಣದು.

ಅಪಾಯಗಳೂ ಇವೆ: ಸೋಂಕು, ದ್ರವ ಸೋರಿ ಬರುವ ತಲೆನೋವು, ನಳಿಕೆ ಸರಿಯುವುದು. ನಳಿಕೆಯ ತುದಿಯಲ್ಲಿ ಗಂಟು ಬೆಳೆದು ಬೆನ್ನುಹುರಿಯನ್ನು ಒತ್ತಿದರೆ ಕಾಲು ಬಲಗುಂದಬಹುದು. ಆರಂಭದಲ್ಲಿಯೂ ಪ್ರಮಾಣ ಏರಿಸಿದಾಗಲೂ ಉಸಿರಾಟ ಮಂದವಾಗದಂತೆ ಕಾಯಬೇಕು. ಎಂ.ಆರ್.ಐ. ಮಾಡಿಸುವ ಮುನ್ನ ಪಂಪಿನ ವಿಷಯ ತಿಳಿಸಿ, ಮುಗಿದ ಮೇಲೆ ಅದು ಪುನಃ ನಡೆಯುತ್ತಿದೆಯೇ ಎಂದು ಪರೀಕ್ಷಿಸಬೇಕು. ಬ್ಯಾಟರಿ ತೀರಿದಾಗ, ಸಾಮಾನ್ಯವಾಗಿ 4ರಿಂದ 7 ವರ್ಷಗಳಲ್ಲಿ, ಪಂಪನ್ನೇ ಬದಲಿಸುವ ಶಸ್ತ್ರಚಿಕಿತ್ಸೆ ಕಾದಿರುತ್ತದೆ.

ಇನ್ನು ಊರಿನ ಪ್ರಯಾಣ. ಪಂಪನ್ನು ಕೆಲವು ವಾರಗಳಿಗೊಮ್ಮೆಯೋ ಕೆಲವು ತಿಂಗಳಿಗೊಮ್ಮೆಯೋ ಸೂಜಿಯಿಂದ ತುಂಬಿಸಲೇಬೇಕು. ಬರಿದಾದರೆ ನೋವು ಮರುಕಳಿಸುವುದಲ್ಲದೆ ಔಷಧ ನಿಂತುದರ ತೀವ್ರ ಬಾಧೆಯೂ ಬರುತ್ತದೆ. ವರ್ಷದ ಅರ್ಧವನ್ನು ಮೈಸೂರಿನಲ್ಲೋ ಧಾರವಾಡದಲ್ಲೋ ಕಳೆಯುವವರು ಅಲ್ಲಿ ಅದೇ ಪಂಪಿನ ನಿಯಂತ್ರಕವೂ ಔಷಧವೂ ಯಾವ ಆಸ್ಪತ್ರೆಯಲ್ಲಿವೆ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲೇ ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು. ಅಂತಹ ಆಸ್ಪತ್ರೆ ಸಿಗದಿದ್ದರೆ ಮುಂದಿನ ತುಂಬುವಿಕೆಯ ದಿನಕ್ಕಿಂತ ಎರಡು ವಾರ ಮೊದಲೇ ಹಿಂದಿರುಗುವ ಟಿಕೆಟ್ಟನ್ನು ಕೊಳ್ಳತಕ್ಕದ್ದು. ಪಂಪಿನ ಗುರುತಿನ ಚೀಟಿ ಪಾಸ್‌ಪೋರ್ಟಿನ ಜೊತೆಯಲ್ಲಿರಲಿ.