ತರುಣರಿಗೊಂದು ವಿಜ್ಞಾನ ಕಾದಂಬರಿ

ತುಮಕೂರಿನ ಸಮೀಪದ ದೇವರಾಯನದುರ್ಗಕ್ಕೆ ಹೋದವರು ನಾಮದ ಚಿಲುಮೆಯನ್ನು ನೋಡದೆ ಹಿಂದಿರುಗುವುದು ಅಪರೂಪ. ಶ್ರೀರಾಮನು ಹಣೆಗೆ ನಾಮವಿಡಲು ನೀರು ಬೇಕಾಗಿ ಬಾಣದಿಂದ ಬಂಡೆಯನ್ನು ಸೀಳಿದನೆಂದು ಹಿರಿಯರು ಹೇಳುವರು. ಅದನ್ನು ಕೇಳಿದ ಮಗುವು, “ಬಂಡೆಯೊಳಗೆ ನೀರು ಎಲ್ಲಿಂದ ಬಂತು?” ಎಂದರೆ ಗದರಿಸಬಾರದು. ಇದೇ ಬೆಟ್ಟಸೀಮೆಯಲ್ಲಿ ಹುಟ್ಟುವ ಶಿಂಷೆಯು ಕಾವೇರಿಯನ್ನೂ, ಜಯಮಂಗಲಿಯು ಉತ್ತರ ಪಿನಾಕಿನಿಯನ್ನೂ ಸೇರುವುವು. ನೂರು ವರ್ಷಗಳ ಮೇಲೆ ಇವೆರಡೂ ಬತ್ತಿದರೆ ಇಲ್ಲಿನವರ ಬಾಳು ಹೇಗಿದ್ದೀತು? ವಿಜ್ಞಾನ ಕಾದಂಬರಿಯು ಹುಟ್ಟುವುದು ಇಂತಹ ಪ್ರಶ್ನೆಯಿಂದಲೇ.

ರಾಜಶೇಖರ ಭೂಸನೂರಮಠರಂತಹವರು ಈ ಬಗೆಯ ಬರವಣಿಗೆಯು ಕನ್ನಡಕ್ಕೆ ಒಗ್ಗುವುದೆಂದು ತೋರಿಸಿದ್ದಾರೆ. ಆದರೆ ತರುಣರಿಗಾಗಿ ಬರೆದು, ಕೈಯಿಂದ ಹಣ ಹಾಕಿ ಅಚ್ಚು ಮಾಡಿಸುವವರ ಪಾಡು ಸುಲಭವಲ್ಲ. ಹಿಂದೆ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಈ ಜಿಲ್ಲೆಯವರೇ ಆದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ಆರಂಭಿಸಿದ ‘ವಿಜ್ಞಾನ’ ಮಾಸಪತ್ರಿಕೆಯು ಎರಡೇ ವರ್ಷ ನಡೆದು ನಿಂತಿತು. ಬರೆಯುವವರಿದ್ದರೆ ಸಾಲದು, ಕೊಂಡು ಓದುವ ಮನೆಗಳೂ ಬೇಕು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಅಂತಹ ಪುಸ್ತಕವು ಕಣ್ಣಿಗೆ ಬಿದ್ದರೆ ಮೊದಲ ನಾಲ್ಕು ಪುಟಗಳನ್ನು ಓದಿ ನೋಡಿರಿ. ಕಥೆಯು ಮುಂದಕ್ಕೆ ಎಳೆದರೆ, ಹೇಳಿದ ಶಾಸ್ತ್ರವು ಸರಿಯಾಗಿದ್ದರೆ, ಹಬ್ಬದ ಖರ್ಚಿನಲ್ಲಿ ಅದಕ್ಕೂ ಒಂದಿಷ್ಟು ತೆಗೆದಿಡಿರಿ. ಗ್ರಂಥಕರ್ತರಿಂದಲೇ ನೇರವಾಗಿ ಕೊಂಡರೆ ಇನ್ನೂ ಒಳ್ಳೆಯದು. ಒಂದೇ ಪ್ರತಿಯನ್ನು ಹತ್ತು ಮನೆಯವರು ಎರವಲು ಪಡೆದು ಹೊಗಳಿದರೆ, ಉಳಿದ ಪ್ರತಿಗಳು ಅಟ್ಟದ ಮೇಲೆ ಗೆದ್ದಲಿನ ಪಾಲಾಗುವುವು. ಎರಡನೆಯ ಪುಸ್ತಕವು ಹುಟ್ಟುವುದೇ ಇಲ್ಲ.