ಸಣ್ಣ ಗಂಟಿನಲ್ಲಿ ಹಳೆಮನೆಯ ಜೀರ್ಣೋದ್ಧಾರ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ನಮ್ಮ ಹಿರಿಯರು. ಕಟ್ಟಿದ ಮನೆಯನ್ನು ಉಳಿಸಿ ನೋಡು ಎಂದು ಮಾತ್ರ ಹೇಳಲಿಲ್ಲ. ಹೇಳುವ ಪ್ರಸಂಗವೇ ಅವರಿಗೆ ಬಂದಿರಲಾರದು. ಪತ್ತನಾಜೆ ಕಳೆದು ಮಳೆ ಹಿಡಿಯುವುದರೊಳಗೆ ಮಾಡಿನ ಹಂಚು ಕೈಯಾಡಿಸುವುದು, ಅಂಗಳದ ಕಣಿ ಬಿಡಿಸುವುದು, ಗೋಡೆಗೆ ಒಂದು ಕೈ ಸುಣ್ಣ ಬಳಿಯುವುದು ಅವರಿಗೆ ವರ್ಷಾವಧಿಯ ಕ್ರಮವಾಗಿತ್ತು. ಆ ಕ್ರಮ ತಪ್ಪಿದ ಮನೆಗಳೇ ಇಂದು 'ರಿಪೇರಿಗೆ ಮೀರಿದವು' ಎಂಬ ಹೆಸರು ಹೊತ್ತು ನಿಂತಿವೆ.

ನಮ್ಮ ಜಿಲ್ಲೆಯಲ್ಲಿ ಇಂಥ ಮನೆಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ನಾಡಿನಲ್ಲೋ ಇದ್ದಾರೆ. ಊರಿನಲ್ಲಿ ವಯಸ್ಸಾದ ಇಬ್ಬರು. ಮಳೆಗಾಲ ಬಂತೆಂದರೆ ನಡುಮನೆಯಲ್ಲಿ ನಾಲ್ಕು ಕಡೆ ಪಾತ್ರೆ. ಕೆಡವಿ ತಾರಸಿ ಮನೆ ಕಟ್ಟಲು ಹಣವಿಲ್ಲ, ರಿಪೇರಿಗೆ ಎಷ್ಟಾದೀತೆಂಬ ಅಂದಾಜಿಲ್ಲ. ಈ ಹೊಯ್ದಾಟದಲ್ಲಿ ಐದಾರು ಮಳೆಗಾಲ ಕಳೆದರೆ ಮನೆ ತಾನಾಗಿಯೇ ತೀರ್ಮಾನ ಹೇಳಿಬಿಡುತ್ತದೆ. ಈ ಲೇಖನ ಅಂಥ ಮನೆಯವರಿಗಾಗಿ. ನಮ್ಮ ಮಾತು ಒಂದೇ: ಹಳೆಮನೆಯ ಮೊದಲ ವೈರಿ ನೀರು, ಕೈಯಲ್ಲಿರುವ ಮೊದಲ ರೂಪಾಯಿ ನೀರನ್ನು ಹೊರಗೆ ಹಾಕುವುದಕ್ಕೇ ಸಲ್ಲಬೇಕು.

ಆಜರಾದಲ್ಲಿ ಕಂಡದ್ದು

ಈ ಪಾಠವನ್ನು ನಮಗೆ ಮನಗಾಣಿಸಿದ್ದು ಇಲ್ಲಿಂದ ದೂರದ ಒಂದು ಊರು. ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯ ದಕ್ಷಿಣಕ್ಕೆ, ಸಹ್ಯಾದ್ರಿಯ ಮಗ್ಗುಲಲ್ಲಿ ಆಜರಾ ಎಂಬ ತಾಲೂಕು ಕೇಂದ್ರವಿದೆ. ಘನಸಾಳ ಎಂಬ ಪರಿಮಳದ ಅಕ್ಕಿಗೆ ಹೆಸರಾದ ಊರು. ಆಂಬೋಲಿ ಘಟ್ಟದಲ್ಲಿ ಹುಟ್ಟುವ ಹಿರಣ್ಯಕೇಶಿ ನದಿ ಆಜರಾದ ಬಳಿ ಹರಿದು, ಗಡಹಿಂಗ್ಲಜ ದಾಟಿ, ಸಂಕೇಶ್ವರದ ಕಡೆಯಿಂದ ಕರ್ನಾಟಕ ಸೇರಿ ಮುಂದೆ ಘಟಪ್ರಭೆಯನ್ನು ಕೂಡುತ್ತದೆ. ನದಿಯ ಜೊತೆ ಕೆಳಕ್ಕೆ ಇಳಿದಂತೆ ಮರಾಠಿಯೊಡನೆ ಕನ್ನಡವೂ ಕಿವಿಗೆ ಬೀಳತೊಡಗುತ್ತದೆ. ಅಲ್ಲಿಯ ಕನ್ನಡಿಗರೂ ನಮ್ಮ ಹಾಗೆಯೇ ಬೇರೆ ಭಾಷೆಯ ಆಡಳಿತದಲ್ಲಿ ತಮ್ಮ ಮಾತು ಉಳಿಸಿಕೊಂಡು ಬಂದವರು.

ಆ ಕಡೆಯ ಹಳೆಯ ಮನೆಗಳನ್ನು ನೋಡಿದಾಗ ಪರವೂರಿಗೆ ಬಂದೆವು ಎನಿಸಲಿಲ್ಲ. ಗೋಡೆ ನಮ್ಮದೇ ಮುರಕಲ್ಲು. ಅವರು ಅದನ್ನು 'ಜಾಂಭಾ' ಎನ್ನುತ್ತಾರೆ. ಮಾಡಿನ ಮೇಲೆ ನಮ್ಮದೇ ಹಂಚು. ಅದಕ್ಕೆ ಮರಾಠಿಯಲ್ಲಿ 'ಮಂಗಳೂರಿ ಕೌಲ' ಎಂದೇ ಹೆಸರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ತೆರೆದ ಕಾರ್ಖಾನೆಯಿಂದ ಮೊದಲಾದ ಹಂಚು ಘಟ್ಟದಾಚೆಗೂ ನಮ್ಮ ಕರಾವಳಿಯ ಹೆಸರನ್ನು ಹೊತ್ತು ಹೋಗಿದೆ. ಮಳೆಯೂ ಆ ಕಡೆ ಕಡಿಮೆಯದಲ್ಲ. ಪಕ್ಕದ ಆಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲ್ಲಿಮೀಟರ್ ಸುರಿಯುತ್ತದೆ.

ಅಲ್ಲಿ ಪರಿಚಯದ ಒಂದು ಕುಟುಂಬದವರು ತಮ್ಮ ಅಜ್ಜನ ಕಾಲದ ಮನೆಯನ್ನು ಮೂರು ಬೇಸಿಗೆಗಳಲ್ಲಿ, ಬಹುಪಾಲು ಸ್ವಂತ ಕೈಯಿಂದಲೇ ಸರಿಮಾಡಿಕೊಂಡಿದ್ದರು. ಸಾಲ ಮಾಡಿರಲಿಲ್ಲ. ಮೊದಲ ಬೇಸಿಗೆ ಅಂಗಳ ಮತ್ತು ಮಾಡು, ಎರಡನೆಯದು ಮರ, ಮೂರನೆಯದು ಗೋಡೆ. ನಮ್ಮಲ್ಲಿ ಪತ್ತನಾಜೆ ಇದ್ದಂತೆ ಅವರಿಗೆ ಮಿರಗದ ಮಳೆ ಗಡುವು. ಜೂನ್ ಮೊದಲ ವಾರ ಮುಗಿಯುವುದರೊಳಗೆ ಆ ವರ್ಷದ ಕೆಲಸಕ್ಕೆ ಮಂಗಳ. ಬಣ್ಣದ ಮಾತು ಎತ್ತಿದ್ದೇ ಕೊನೆಯಲ್ಲಿ. ಆ ಕ್ರಮದಲ್ಲಿಯೇ ಅವರ ಜಾಣತನವಿತ್ತು. ನಾವೂ ಅದೇ ಕ್ರಮದಲ್ಲಿ ಹೋಗೋಣ.

ಮೊದಲು ನೀರಿಗೆ ದಾರಿ

ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮಿಗಿಲಾಗಿ ಮಳೆಯಾಗುತ್ತದೆ. ಸಾವಿರ ಚದರ ಅಡಿ, ಎಂದರೆ ಸುಮಾರು 93 ಚದರ ಮೀಟರ್ ನೆಲವನ್ನು ಮುಚ್ಚಿದ ಮಾಡಿನ ಮೇಲೆ ಒಂದು ವರ್ಷದಲ್ಲಿ ಬೀಳುವ ನೀರು ಹತ್ತಿರ ಹತ್ತಿರ 2 ಲಕ್ಷ 80 ಸಾವಿರ ಲೀಟರ್. ಇಷ್ಟೂ ನೀರು ಸೂರಿನಿಂದ ಇಳಿದು ಗೋಡೆಯ ಬುಡದಲ್ಲೇ ನಿಂತರೆ ಯಾವ ಗೋಡೆ ತಾನೇ ತಡೆದೀತು?

ಆದ್ದರಿಂದ ಕೆಲಸ ಆರಂಭವಾಗಬೇಕಾದದ್ದು ಹಾರೆ ಗುದ್ದಲಿಯಿಂದ. ವರ್ಷಗಟ್ಟಲೆ ಗುಡಿಸಿ ಒತ್ತರಿಸಿದ ಮಣ್ಣು ಮನೆಯ ಸುತ್ತ ಏರಿ ಪಂಚಾಂಗವನ್ನೇ ಮುಚ್ಚಿರುತ್ತದೆ. ಅದನ್ನು ತೆಗೆದು ಪಂಚಾಂಗದ ಕಲ್ಲು ಅರ್ಧ ಅಡಿಯಾದರೂ ಕಾಣುವಂತೆ ಮಾಡಬೇಕು. ಆದರೆ ಅಡಿಪಾಯದ ಬುಡವನ್ನೇ ಅಗೆಯಬಾರದು. ಏರಿದ ಮಣ್ಣನ್ನಷ್ಟೇ ತೆಗೆಯಬೇಕು. ನೆಲ ಗೋಡೆಯಿಂದ ಹೊರಕ್ಕೆ ಇಳಿಜಾರಾಗಿರಲಿ. ಸೂರಿನ ನೀರು ಬೀಳುವಲ್ಲಿ ಜಲ್ಲಿಯನ್ನೋ ಒಡೆದ ಹಂಚಿನ ಚೂರುಗಳನ್ನೋ ಹಾಸಿದರೆ ಕೆಸರು ಗೋಡೆಗೆ ಸಿಡಿಯುವುದಿಲ್ಲ. ಅದರಾಚೆ ಒಂದು ಕಣಿ ತೋಡಿ ನೀರನ್ನು ತೋಟಕ್ಕೋ ತೋಡಿಗೋ ಬಿಡಬೇಕು. ಗೋಡೆಗೆ ತಾಗಿಸಿ ಇಟ್ಟ ಹೂಕುಂಡ, ಸೌದೆ ರಾಶಿ, ಬಚ್ಚಲಿನ ಒಡಕು ಕೊಳವೆ ಇವಕ್ಕೆಲ್ಲ ಬೇರೆ ವ್ಯವಸ್ಥೆಯಾಗಲಿ. ಇದಕ್ಕೆ ಬೇಕಾದದ್ದು ಮೈ ಬೆವರೇ ಹೊರತು ಹಣವಲ್ಲ.

ಮಾಡು: ಹಂಚು ಎಣಿಸಿ ಕೊಳ್ಳಿ

ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ. ಸಾವಿರ ಚದರ ಅಡಿಯ ಇಳಿಜಾರಿಗೆ ಅಂದಾಜು 1,400 ಹಂಚು. ಹತ್ತರಲ್ಲಿ ಒಂದು ಒಡೆದಿದೆ ಎಂದುಕೊಂಡರೂ ಕೊಳ್ಳಬೇಕಾದದ್ದು 140 ಮಾತ್ರ. ಹೀಗಿರುವಾಗ ಇಡೀ ಮಾಡನ್ನೇ ಇಳಿಸಿ ತಗಡು ಹೊದಿಸುವ ಸಲಹೆಗೆ ತಲೆದೂಗುವ ಮುನ್ನ ಒಮ್ಮೆ ಎಣಿಸಿ ನೋಡುವುದು ಒಳಿತು.

ಮಳೆಗಾಲದಲ್ಲೇ ಒಂದು ಪುಸ್ತಕ ಇಟ್ಟುಕೊಂಡು ಎಲ್ಲೆಲ್ಲಿ ಸೋರುತ್ತದೆ ಎಂದು ಬರೆದುಕೊಳ್ಳಿ. ಪಕ್ಕಾಸಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ನೀರು ತೊಟ್ಟಿಕ್ಕುವ ಜಾಗ ಬೇರೆ, ಒಳಗೆ ಬರುವ ಜಾಗ ಬೇರೆ. ಅದು ಪಕ್ಕಾಸಿನ ಗುಂಟ ಹರಿದು ಬಂದಿರಬಹುದು, ಮೇಲ್ಗಡೆ ಹುಡುಕಿ. ಬೇಸಿಗೆಯಲ್ಲಿ ಹಂಚುಗಳನ್ನು ನೆತ್ತಿಯಿಂದ ಕೆಳಕ್ಕೆ ಬಿಚ್ಚಿ, ಸೂರಿನಿಂದ ಮೇಲಕ್ಕೆ ಹೊದಿಸಬೇಕು. ಪಾಚಿಯನ್ನು ಕೆರೆದು ತೊಳೆದು ಬಿಸಿಲಿಗೆ ಒಣಗಿಸಿ, ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಬಿರುಕು. ಹಳೆಯ ಹಂಚು ಕೊಳ್ಳುವಾಗ ನಿಮ್ಮ ಮಾಡಿನ ಒಂದು ಹಂಚನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಒಂದು ಕಾರ್ಖಾನೆಯ ಅಚ್ಚಿಗೂ ಇನ್ನೊಂದರ ಅಚ್ಚಿಗೂ ತುಸು ವ್ಯತ್ಯಾಸವಿದ್ದರೆ ಹಂಚು ಒಂದನ್ನೊಂದು ಕಚ್ಚಿ ಕೂರುವುದಿಲ್ಲ.

ಎಚ್ಚರಿಕೆಯ ಮಾತೊಂದು. ಹಂಚಿನ ಮೇಲೆ ನೇರ ಕಾಲಿಡಬಾರದು. ಪಕ್ಕಾಸುಗಳ ಮೇಲೆ ಭಾರ ಬೀಳುವಂತೆ ಏಣಿಯನ್ನೋ ಹಲಗೆಯನ್ನೋ ಅಡ್ಡ ಹಾಸಿ ಹಗ್ಗ ಬಿಗಿದುಕೊಳ್ಳಬೇಕು. ಕೆಳಗೆ ಇನ್ನೊಬ್ಬರು ಇಲ್ಲದೆ ಮಾಡು ಹತ್ತಬಾರದು. ಅಭ್ಯಾಸವಿಲ್ಲದವರು ಈ ಕೆಲಸಕ್ಕೆ ಆಳು ಮಾಡಿಕೊಂಡು, ತೊಳೆಯುವ ಎತ್ತಿಕೊಡುವ ಕೆಲಸ ತಾವು ಮಾಡಿದರೆ ಸಾಕು. ಉಳಿತಾಯಕ್ಕಿಂತ ಸೊಂಟ ದೊಡ್ಡದು.

ಮರ: ಕೊಳೆತಷ್ಟನ್ನೇ ಕತ್ತರಿಸಿ

ಮಾಡು ಬಿಚ್ಚಿದಾಗಲೇ ಮರವನ್ನು ಪರೀಕ್ಷಿಸುವುದು ಸುಲಭ. ಹಳೆಮನೆಯ ಪಕ್ಕಾಸು ಸಾಮಾನ್ಯವಾಗಿ ಕೊಳೆಯುವುದು ಸೂರಿನ ತುದಿಯಲ್ಲಿ ಮತ್ತು ಗೋಡೆಯ ಮೇಲೆ ಕುಳಿತ ಜಾಗದಲ್ಲಿ. ಉಳಿಯಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಹೊಕ್ಕರೆ ಆ ಭಾಗ ಹೋಯಿತು. ಆದರೆ ಒಂದೂವರೆ ಅಡಿ ಕೊಳೆತಿದೆಯೆಂದು ಹನ್ನೆರಡು ಅಡಿಯ ಮರ ಎಸೆಯಬೇಕಾಗಿಲ್ಲ. ಗಟ್ಟಿ ಭಾಗದವರೆಗೆ ಕತ್ತರಿಸಿ, ಪಕ್ಕದಲ್ಲಿ ಬೇರೊಂದು ತುಂಡನ್ನು ಉದ್ದಕ್ಕೆ ಹೊಂದಿಸಿ ಬೋಲ್ಟು ಹಾಕಿದರೆ ಆಚಾರಿಗೆ ಅರ್ಧ ದಿನದ ಕೆಲಸ. ರೀಪುಗಳನ್ನು ಮಾತ್ರ, ಸಂಶಯವಿದ್ದರೆ ಬದಲಾಯಿಸಿಬಿಡುವುದೇ ಕ್ಷೇಮ.

ಒರಲೆ ಹಿಡಿದಲ್ಲಿ ಗೋಡೆಯ ಮೇಲೆ ಮಣ್ಣಿನ ಕೊಳವೆ ಏರಿರುತ್ತದೆ. ಅದನ್ನು ಕೆರೆದು ಹಾಕಿ, ಅದು ಎಲ್ಲಿಯ ತೇವವನ್ನು ಹುಡುಕಿಕೊಂಡು ಹೊರಟಿದೆ ಎಂದು ನೋಡಿ. ತೇವ ಹೋದರೆ ಒರಲೆಗೆ ಅರ್ಧ ಆಧಾರ ಹೋಯಿತು. ಮರಕ್ಕೆ ನಮ್ಮವರು ಹಿಂದಿನಿಂದ ಬಳಿಯುತ್ತಿದ್ದ, ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ ಈಗಲೂ ಒಳ್ಳೆಯ ಮದ್ದು. ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ; ಕೈಗವಸು ತಪ್ಪದೆ ಇರಲಿ. ಅಂಗಡಿಯ ಘೋರ ವಿಷಗಳನ್ನು ಮಲಗುವ ಕೋಣೆಗೆ ತರುವ ಮುನ್ನ ಎರಡು ಬಾರಿ ಯೋಚಿಸಬೇಕು. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದದ್ದರ ಫಲ ಉಂಡ ಜಿಲ್ಲೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಷೇಧಿಸಿತು. ಈ ಪಾಠವನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಗೋಡೆ: ಉಸಿರಾಡಲು ಬಿಡಿ

ಹಳೆಯ ಮುರಕಲ್ಲಿನ ಗೋಡೆ ಮಣ್ಣಿನಲ್ಲೋ ಸುಣ್ಣದಲ್ಲೋ ಕಟ್ಟಿದ್ದು. ಮುರಕಲ್ಲು ನೀರು ಹೀರುವ ಕಲ್ಲು. ಹೀರಿದ್ದನ್ನು ಬಿಸಿಲು ಗಾಳಿಗೆ ಹೊರಕ್ಕೂ ಬಿಡುತ್ತದೆ. ಅದರ ಮೈಗೆ ಸಿಮೆಂಟಿನ ಸಾರಣೆ ಮಾಡಿದರೆ ನೆಲದಿಂದ ಏರಿದ ತೇವ ಹೊರಬರಲಾರದೆ ಒಳಗೇ ನಿಲ್ಲುತ್ತದೆ. ಜೊತೆಗೆ ಬಂದ ಉಪ್ಪು ಸಾರಣೆಯ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ತಳ್ಳುತ್ತದೆ. ಕೆಲವೇ ವರ್ಷಗಳಲ್ಲಿ ಸಾರಣೆ ಹೊಟ್ಟೆಯುಬ್ಬಿ ಉದುರಿ, ಕಲ್ಲಿನ ಮೈಯನ್ನೂ ಕಿತ್ತುಕೊಂಡು ಬರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದರ ಮೇಲೆ ಬಣ್ಣ ಬಳಿದರೆ ಅದು ಒಂದು ಮಳೆಗಾಲದ ಶೃಂಗಾರ.

ಸುಣ್ಣದ ಗುಣ ಬೇರೆ. ಚಿಪ್ಪನ್ನೋ ಸುಣ್ಣಕಲ್ಲನ್ನೋ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿ ಅರಳಿಸಿ ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಗಟ್ಟಿಯಾದರೂ ಗೋಡೆಯ ಉಸಿರು ಕಟ್ಟುವುದಿಲ್ಲ.

ಮಾಡುವ ಕ್ರಮ ಹೀಗೆ. ಅರಳಿದ ಸುಣ್ಣವನ್ನು ನೀರಿನಡಿಯಲ್ಲಿ ಎರಡು ವಾರವಾದರೂ ಇಡಿ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಹೊಯ್ಗೆ ಸೇರಿಸಿ ಚೆನ್ನಾಗಿ ಹದ ಮಾಡಿ. ಗೋಡೆಯ ಸಂದುಗಳಲ್ಲಿ ಸಡಿಲಾದ ಮಣ್ಣನ್ನು ಒಂದು ಅಂಗುಲ ಕೆರೆದು, ನೀರು ಚಿಮುಕಿಸಿ, ಗಾರೆಯನ್ನು ಒತ್ತಿ ತುಂಬಿ. ನಾಲ್ಕೈದು ದಿನ ತೇವ ಆರದಂತೆ ಗೋಣಿ ಒದ್ದೆ ಮಾಡಿ ಇಳಿಬಿಡಿ. ಹೊರಗೋಡೆಗೆ ಸಾರಣೆ ಬೇಕೇಬೇಕೆಂದಿಲ್ಲ. ಸಂದು ತುಂಬಿದ ಮುರಕಲ್ಲು ಹಾಗೆಯೇ ಚೆಂದ. ಮೈಯೆಲ್ಲ ಮುರಕಲ್ಲಾದ ಬೇಕಲ ಕೋಟೆ ನಮ್ಮೆದುರಿಗೇ ಇದೆಯಲ್ಲ! ಸುಣ್ಣ ಅರಳುವಾಗ ಕುದಿಯುತ್ತದೆ. ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ.

ಬೇಡದ ಸಾರಣೆ ಬೇಡ, ಹಳೆಯ ಸಾಮಾನು ಎಸೆಯಬೇಡಿ ಎಂಬ ಮಾತನ್ನು ಈ ರಾಜ್ಯದಲ್ಲೇ ಇದ್ದು ಮಾಡಿ ತೋರಿಸಿದವರು ವಾಸ್ತುಶಿಲ್ಪಿ ಲಾರಿ ಬೇಕರ್. ಇಂಗ್ಲೆಂಡಿನಲ್ಲಿ 1917ರಲ್ಲಿ ಹುಟ್ಟಿ, ತಿರುವನಂತಪುರವನ್ನು ಮನೆ ಮಾಡಿಕೊಂಡು 2007ರಲ್ಲಿ ತೀರಿಕೊಂಡ ಆ ಹಿರಿಯರು ಹಳೆಯ ಹಂಚನ್ನು ಕಾಂಕ್ರೀಟಿನ ಚಪ್ಪಡಿಯೊಳಗೆ ಹೂತು ಸಿಮೆಂಟು ಉಳಿಸುತ್ತಿದ್ದರು. ಅವರ ದಾರಿಯಲ್ಲಿ ನಡೆಯುವ 'ಕಾಸ್ಟ್‌ಫೋರ್ಡ್' ಸಂಸ್ಥೆ 1985ರಲ್ಲಿ ಹುಟ್ಟಿತು. ಬಡವನ ಮನೆಯೂ ಚೆನ್ನಾಗಿರಬಹುದು ಎಂಬುದು ಕೇರಳಕ್ಕೆ ಹೊಸ ಮಾತಲ್ಲ.

ಕೈ ಹಾಕಬಾರದ ಕೆಲಸ

ಎಲ್ಲವನ್ನೂ ನಾವೇ ಮಾಡುತ್ತೇವೆ ಎನ್ನುವುದೂ ತರವಲ್ಲ. ಗೋಡೆ ಹೊರಕ್ಕೆ ಬಾಗಿದ್ದರೆ, ಬಿರುಕು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ, ಮುಖ್ಯ ತೊಲೆ ಬಾಗಿದ್ದರೆ ಅನುಭವಸ್ಥ ಮೇಸ್ತ್ರಿಯನ್ನೋ ಎಂಜಿನಿಯರನ್ನೋ ಕರೆಯದೆ ಒಂದು ಕಲ್ಲನ್ನೂ ಅಲುಗಿಸಬಾರದು. ಬಿರುಕಿನ ಮೇಲೆ ಒಂದು ಗಾಜಿನ ಚೂರನ್ನು ಅಡ್ಡಲಾಗಿ ಗಾರೆಯಿಂದ ಅಂಟಿಸಿ ತಾರೀಕು ಬರೆದಿಡಿ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ವಿದ್ಯುತ್ತಿನ ಹಳೆಯ ತಂತಿಗಳು ಪರವಾನಗಿ ಇದ್ದವರ ಪಾಲಿಗಿರಲಿ. ಹಳೆಯ ಆಸ್ಬೆಸ್ಟಾಸ್ ಶೀಟುಗಳನ್ನು ಕೊರೆಯುವುದು, ಒಡೆಯುವುದು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಮಾರಕ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಆದರೆ ಹಾಸಿಗೆಯನ್ನೇ ಮಾರಿಬಿಡುವ ಮುನ್ನ ಅಳೆದು ನೋಡಬೇಕಲ್ಲ. ಹಳೆಮನೆ ಬಿದ್ದ ಮೇಲೆ ಆ ಕುಟುಂಬ ಬಾಡಿಗೆ ಮನೆ ಹಿಡಿದು ಪೇಟೆ ಸೇರುತ್ತದೆ. ಪೇಟೆಯಲ್ಲಿ ಮಗುವಿಗೆ ಸಿಗುವುದು ಬೇರೆ ಮಾಧ್ಯಮದ ಶಾಲೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಒಂದು ಬೆಂಚು ಖಾಲಿ, ಮರುವರ್ಷ ಒಂದು ಡಿವಿಷನ್ ಖಾಲಿ. ಪಾಠ ಹೇಳುವವರಿಗೆ ಈ ಲೆಕ್ಕ ಪ್ರತಿ ಜೂನಿನಲ್ಲೂ ಎದುರಾಗುತ್ತದೆ. ಭಾಷೆಯ ಅಳಿವು ಉಳಿವು ಬರಿಯ ಸಭೆ ಠರಾವುಗಳಲ್ಲಿಲ್ಲ. ಸೋರದ ಒಂದು ಮಾಡಿನ ಕೆಳಗೂ ಅದರ ಒಂದು ಪಾಲು ಇದೆ.

ಬರುವ ಮಳೆಗಾಲಕ್ಕೆ ಪುಸ್ತಕವೂ ಸೀಮೆಸುಣ್ಣವೂ ಸಿದ್ಧವಿರಲಿ. ಅದರ ಮುಂದಿನ ಬೇಸಿಗೆಗೆ ಹಾರೆ, ಗುದ್ದಲಿ ಮತ್ತು ಮನೆಮಂದಿಯ ನಾಲ್ಕು ಭಾನುವಾರ. ಇಷ್ಟರಿಂದ ಆರಂಭವಾಗುತ್ತದೆ. ಬಣ್ಣದ ಡಬ್ಬಿ ಸದ್ಯಕ್ಕೆ ಅಂಗಡಿಯಲ್ಲೇ ಇರಲಿ.